ಗೃಹಧವಳದ ಕೊನೆಯ ಪುಟ

ಒಳ್ಳೆಯ ಮನೆಪತ್ರಿಕೆ ಯಾವುದು ಎಂದು ನನ್ನನ್ನು ಕೇಳದವರು ನಮ್ಮ ಊರಿನಲ್ಲಿ ಇಬ್ಬರೇ ಇದ್ದರು, ಆ ಇಬ್ಬರೂ ನನ್ನ ಮನೆಯಲ್ಲೇ ಇದ್ದರು. ಒಬ್ಬ ನನ್ನ ತಮ್ಮ ಚನ್ನವೀರ, ಇನ್ನೊಬ್ಬಳು ಅವನ ಹೆಂಡತಿ ಮಂಗಳ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಅದಕ್ಕೆ ನಾನು ಮುನಿಸಿಕೊಂಡೆ ಅನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೇ ಮೂಲ.

ನಮ್ಮ ಊರಿನಲ್ಲಿ ಮೇಸ್ತ್ರಿಗಳು ಪಾಯ ಹಾಕಿ, ನಾಲ್ಕು ಗೋಡೆ ಎಬ್ಬಿಸಿ, ಮೇಲೊಂದು ಸೂರು ಹೊದಿಸಿ ಹೊರಟುಬಿಡುತ್ತಾರೆ. ಉಳಿದದ್ದನ್ನು ಮನೆ ತಾನೇ ಮಾಡಿಕೊಳ್ಳುತ್ತದೆ. ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಕೂತು ವಾಸ್ತುಶಿಲ್ಪದ ಪತ್ರಿಕೆಯನ್ನು ಗಟ್ಟಿಯಾಗಿ ಓದಬೇಕು. ಚಿತ್ರ ಬಂದಾಗ ಪುಟವನ್ನು ನಾಲ್ಕೂ ಗೋಡೆಗೆ ತೋರಿಸಬೇಕು, ಮಂಗಳಾರತಿ ತೋರಿಸಿದ ಹಾಗೆ. ಮನೆ ಕೇಳಿಸಿಕೊಳ್ಳುತ್ತದೆ, ನೋಡಿಕೊಳ್ಳುತ್ತದೆ, ತಿಂಗಳೊಪ್ಪತ್ತಿನಲ್ಲಿ ಅದರ ಕಡೆಗೆ ಒಂದಿಷ್ಟು ವಾಲುತ್ತದೆ. ಕಿಟಕಿ ನಾಲ್ಕು ಬೆರಳು ಅಗಲವಾಗುತ್ತದೆ, ಎಲ್ಲೋ ಒಂದು ಗೂಡು ಮುಚ್ಚಿಕೊಳ್ಳುತ್ತದೆ, ಜಗುಲಿ ಒಂದು ಗೇಣು ಮುಂದೆ ಬರುತ್ತದೆ. ಕಾರ್ತಿಕದಲ್ಲಿ ಶುರುಮಾಡಿದರೆ ಹನ್ನೆರಡು ಸಂಚಿಕೆ ಮುಗಿಯುವವರೆಗೂ ಒಂದೇ ಪತ್ರಿಕೆ, ಒಂದೇ ದನಿ. ಶುರುಮಾಡಿದ ದನಿಯಲ್ಲೇ ಮುಗಿಸಬೇಕು. ಬಾಯಿಗೆ ಬಂದದ್ದನ್ನು ಸೇರಿಸಿ ಓದಿದರೆ ಮನೆ ಕಿವಿಗೆ ಹಾಕಿಕೊಳ್ಳುವುದಿಲ್ಲ, ಅಚ್ಚಾದದ್ದಕ್ಕೆ ಮಾತ್ರ ಬೆಲೆ.

ಹೀಗಾಗಿ ಓದುವುದೇ ನನ್ನ ಕಸುಬು. ಕಣ್ಣು ಕಾಣದವರು, ಓದು ಬಾರದವರು, ದನಿ ಕೀರಲಾದವರು ನನ್ನನ್ನು ಕರೆಸಿಕೊಳ್ಳುತ್ತಾರೆ. ಮೂವತ್ತೊಂದು ವರ್ಷದಿಂದ ಮನೆಮನೆಗೂ ಹೋಗಿ ಓದಿದ್ದೇನೆ. ಹೆಸರು ನೀಲಾಂಬಿಕೆ, ಊರಿಗೆಲ್ಲ ನೀಲಕ್ಕ. ಮದುವೆ ಆಗಲಿಲ್ಲ. ಯಾಕೆ ಅನ್ನುವುದು ಬೇರೆ ಕಥೆ, ಹೇಳುವಷ್ಟು ಹುರುಳು ಅದರಲ್ಲಿ ಇಲ್ಲ. ಅಪ್ಪ ಕಟ್ಟಿಸಿದ ಮನೆಯಲ್ಲೇ ತಮ್ಮನ ಸಂಸಾರದ ಜೊತೆ ಇದ್ದೇನೆ, ಹಿತ್ತಲ ಬಾಗಿಲ ಪಕ್ಕದ ಕೋಣೆಯಲ್ಲಿ. ಅವರಿಗೆ ಮಕ್ಕಳಿಲ್ಲ. ಒಟ್ಟು ಮೂರು ಜನ.

ಆಶ್ವಯುಜ ಬಂತೆಂದರೆ ಜನ ನಮೂನೆ ಪ್ರತಿಗಳನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಹತ್ತಿರ ಬರುತ್ತಾರೆ. ನಾನು ಮುಖಪುಟ ನೋಡುವುದಿಲ್ಲ. ಮುಖಪುಟ ನೋಡಿ ಕೆಟ್ಟವರು ಎಷ್ಟು ಜನ ಬೇಕು ನಿಮಗೆ? ಮೇಷ್ಟ್ರು ಗುರುಪಾದಪ್ಪ ಅರಮನೆಗಳ ಪತ್ರಿಕೆ ತರಿಸಿದರು, ನಡುಮನೆಯಲ್ಲಿ ಎಂಟು ಕಂಬ ಎದ್ದವು, ಈಗ ಅವರು ಅಡ್ಡಡ್ಡ ನಡೆದು ಅಡುಗೆಮನೆಗೆ ಹೋಗುತ್ತಾರೆ. ಪರದೇಶದ ಪತ್ರಿಕೆ ಓದಿಸಿದವರ ಮನೆಯಲ್ಲಿ ಬೆಂಕಿಗೂಡು ಬಂತು, ಆ ಊರಿನ ಚಳಿ ಬರಲಿಲ್ಲ, ಪಾರಿವಾಳ ಬಂದವು. ನಾನು ನೋಡುವುದು ಬೇರೆ. ಬಾಗಿಲ ಚಿತ್ರದಲ್ಲಿ ಒಂದು ಜೊತೆ ಚಪ್ಪಲಿ ಇದೆಯೇ? ಅಡುಗೆಮನೆಯ ಗೋಡೆಗೆ ಒಗ್ಗರಣೆ ಸಿಡಿದ ಕಲೆ ಒಂದಾದರೂ ಇದೆಯೇ? ಒದ್ದೆ ಬಟ್ಟೆ ಎಲ್ಲಿ ಹಾಕುತ್ತಾರೆ, ಹಾಸಿಗೆ ಸುರುಳಿ ಎಲ್ಲಿಡುತ್ತಾರೆ ಎಂದು ಬರೆದವನಿಗೆ ಗೊತ್ತಿದೆಯೇ? ಅಳತೆ ಕೊಟ್ಟಿದ್ದಾನೋ ಬರೀ ಬಣ್ಣನೆಯೋ? ಇಷ್ಟು ನೋಡಿದರೆ ಸಾಕು, ಪತ್ರಿಕೆಯ ಜನ್ಮ ತಿಳಿಯುತ್ತದೆ. ನಮ್ಮ ಮನೆಗೆ ಹತ್ತು ವರ್ಷದಿಂದ ನಾನೇ ಆರಿಸಿದ ‘ತೊಲೆ-ಕಂಬ’ ಬರುತ್ತಿತ್ತು. ಕಾಗದ ಒರಟು, ಬೆರಳಿಗೆ ಮಸಿ ಹತ್ತುತ್ತದೆ, ಆದರೆ ಒರಳು ಎಲ್ಲಿರಬೇಕು ಎಂದು ಅದಕ್ಕೆ ಗೊತ್ತು.

ಹೋದ ವರ್ಷದ ಆಶ್ವಯುಜದಲ್ಲಿ ಚನ್ನವೀರ ನೀರು ಸರಬರಾಜು ಕಚೇರಿಯಿಂದ ಬರುವಾಗ ‘ಗೃಹಧವಳ’ ತಂದ. ಅವನ ಸಾಹೇಬರ ಮನೆಯಲ್ಲಿ ಅದನ್ನೇ ಓದಿಸುತ್ತಾರಂತೆ. ನಾನು ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದೆ. ಮಂಗಳ ಪುಟ ತಿರುಗಿಸಿ ತಿರುಗಿಸಿ ನೋಡಿದಳು. ಹಾಲಿನಂಥ ಗೋಡೆ, ಮುಖ ಕಾಣುವ ನೆಲ, ಉದ್ದಕ್ಕೂ ಗಾಜು.

“ಅಕ್ಕ ಆರಿಸಿ ಆರಿಸಿ ಮನೆ ಹತ್ತು ವರ್ಷದಿಂದ ಒಂದೇ ಥರ ಇದೆ ಕಣ್ರೀ. ಎಲ್ಲಿ ನೋಡಿದ್ರೂ ಗೂಡು, ಎಲ್ಲಿ ನೋಡಿದ್ರೂ ಮೊಳೆ. ಈ ಸಲ ನಾವಿಬ್ರೇ ಆರಿಸೋಣ,” ಎಂದಳು ಗಂಡನಿಗೆ.

ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಈಗ ಗೊತ್ತು. ಆವತ್ತು ಮಾತ್ರ ‘ನಾವಿಬ್ರೇ’ ಅಂದದ್ದು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಊರಿಗೆಲ್ಲ ಬೇಕಾದವಳು ನನ್ನದೇ ಮನೆಯಲ್ಲಿ ಬೇಡವಾದೆನಾ ಅನ್ನಿಸಿತು.

“ಓದ್ತೀಯ ತಾನೆ ಅಕ್ಕ?” ಎಂದ ಚನ್ನವೀರ.

“ಓದೋದು ನನ್ನ ಕಸುಬು. ಇಟ್ಟಿಗೆ ಲೆಕ್ಕ ಕೊಟ್ರೂ ಓದ್ತೀನಿ. ನಿಮ್ಮ ಮನೆ, ನಿಮ್ಮ ಇಷ್ಟ.”

ಮಂಗಳ ಪತ್ರಿಕೆಯನ್ನು ತಂದು ನನ್ನ ಕೈಗೇ ಕೊಟ್ಟಳು. ನೋಡಿದೆ. ಎರಡೇ ನಿಮಿಷ ಸಾಕಾಯಿತು. ಅರವತ್ತನಾಲ್ಕು ಪುಟದಲ್ಲಿ ಒಬ್ಬ ಮನುಷ್ಯನಿಲ್ಲ. ಕುರ್ಚಿಯ ಮೇಲೆ ಕೂತವರಿಲ್ಲ, ಬಾಗಿಲಲ್ಲಿ ನಿಂತವರಿಲ್ಲ, ಒಂದು ಒದ್ದೆ ಟವೆಲ್ ಇಲ್ಲ. ಪ್ರತಿ ಮನೆಯಲ್ಲೂ ಮಲಗುವ ಕೋಣೆ ಒಂದೇ, ಮಂಚ ಒಂದೇ, ಅದರ ಮೇಲೆ ಎರಡು ದಿಂಬು. ಬೇರೆ ಯಾರಾದರೂ ಇದನ್ನು ನನ್ನ ಮುಂದೆ ಹಿಡಿದಿದ್ದರೆ, ‘ತಗೊಂಡು ಹೋಗಿ ಒಲೆಗೆ ಹಾಕಿ’ ಅನ್ನುತ್ತಿದ್ದೆ. ಅವಳಿಗೆ ಏನೂ ಹೇಳಲಿಲ್ಲ. ಪತ್ರಿಕೆ ವಾಪಸು ಕೊಟ್ಟು ಅವರೆಕಾಯಿ ಸುಲಿದೆ.

ಕಾರ್ತಿಕದಲ್ಲಿ ಓದಲು ಶುರುಮಾಡಿದೆ. ನನ್ನ ದನಿಯ ಬಗ್ಗೆ ನಾನೇ ಹೇಳಬಾರದು, ಆದರೂ ಹೇಳುತ್ತೇನೆ, ನಾನು ಓದಿದರೆ ಮನೆ ಬೇಗ ಕಲಿಯುತ್ತದೆ. ಮೂರು ಸಂಚಿಕೆ ಮುಗಿಯುವಷ್ಟರಲ್ಲಿ ಗೋಡೆಗಳು ಬೆಳ್ಳಗಾದವು, ನೆಲ ಮಿರುಗಿತು, ನಡುಮನೆಗೆ ಎಂದೂ ಕಾಣದ ಬೆಳಕು ಬಂತು. ಅಕ್ಕಪಕ್ಕದವರು ನೋಡಿ ಹೋದರು. ಮಂಗಳ ಬಂದವರಿಗೆಲ್ಲ ಪಾನಕ ಕೊಟ್ಟಳು. ಅವಳ ಮುಖ ನೋಡಿ ನನಗೂ ಒಂದು ಕ್ಷಣ, ನಾನೇ ತಪ್ಪು ತಿಳಿದೆನೇನೋ ಅನ್ನಿಸಿತು.

ನಾಲ್ಕನೆಯ ಸಂಚಿಕೆಗೆ ಗೋಡೆಯ ಮೊಳೆಗಳು ಒಂದೊಂದಾಗಿ ಉದುರಿದವು. ಕ್ಯಾಲೆಂಡರ್ ಬಿತ್ತು, ಬಸವಣ್ಣನ ಪಟ ಬಿತ್ತು, ನನ್ನ ಓದಿನ ಚೀಲವೂ ಬಿತ್ತು. ಐದನೆಯದಕ್ಕೆ ಅಡುಗೆಮನೆಯ ಗೂಡುಗಳು ಮುಚ್ಚಿಕೊಂಡವು, ಉಪ್ಪಿನಕಾಯಿ ಜಾಡಿಗಳು ನೆಲಕ್ಕೆ ಬಂದವು. ಅದೇ ತಿಂಗಳು ನನ್ನ ಕೋಣೆ ಸ್ವಲ್ಪ ಇಕ್ಕಟ್ಟಾದ ಹಾಗೆ ಕಂಡಿತು. ಗೇಣು ಹಾಕಿ ನೋಡಿದೆ. ಹನ್ನೆರಡು ಗೇಣು ಉದ್ದ ಇದ್ದದ್ದು ಹತ್ತೂವರೆ ಆಗಿತ್ತು. ಟ್ರಂಕನ್ನು ಮಂಚದ ಕೆಳಗೆ ತಳ್ಳಿದೆ. ಆರನೆಯದಕ್ಕೆ ಒಂಬತ್ತಾಯಿತು. ಮನೆಯ ತಪ್ಪೇನಿಲ್ಲ. ಅದು ನಾನು ಓದಿದ್ದನ್ನು ಕೇಳುತ್ತಿತ್ತು, ನಾನು ತೋರಿಸಿದ್ದನ್ನು ನೋಡುತ್ತಿತ್ತು. ಎರಡು ದಿಂಬಿನ ಮನೆಯಲ್ಲಿ ಮೂರನೆಯ ತಲೆಗೆ ಜಾಗ ಎಲ್ಲಿಂದ ಬರಬೇಕು?

ಒಂದು ಸಂಜೆ ಕಳ್ಳತನ ಮಾಡಿಯೂ ನೋಡಿದೆ. “ಮಲಗುವ ಕೋಣೆಯ ಪಕ್ಕದಲ್ಲಿ ಅಕ್ಕನಿಗೊಂದು ಕೋಣೆ,” ಎಂದು ಓದಿನ ನಡುವೆ ಸೇರಿಸಿದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅಚ್ಚಾಗದ್ದನ್ನು ಓದಿದೆ. ಮನೆ ಕೇಳಲಿಲ್ಲ. ಆ ತಿಂಗಳು ಕೋಣೆ ಇನ್ನೊಂದೂವರೆ ಗೇಣು ಒಳಗೆ ಬಂತು.

ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳಿದರೆ ‘ಗೊತ್ತಿದ್ದೂ ಸುಮ್ಮನಿದ್ದೆಯಾ’ ಅನ್ನುತ್ತಾರೆ. ಹೇಳದಿದ್ದರೆ ಕೋಣೆ ಹೋಗುತ್ತದೆ. ಈ ಎರಡರಲ್ಲಿ ಕೋಣೆ ಹೋಗುವುದೇ ವಾಸಿ ಅನ್ನಿಸುವಷ್ಟು ಹಮ್ಮು ನನಗಿತ್ತು.

ಏಳನೆಯ ಸಂಚಿಕೆ ಮುಗಿದ ಮೇಲೆ ಒಂದು ಮಧ್ಯಾಹ್ನ ಮಂಗಳ ಹಪ್ಪಳ ಒಣಹಾಕುವ ಬಟ್ಟೆ ಹುಡುಕಿಕೊಂಡು ಹಿತ್ತಲ ಕಡೆಗೆ ಬಂದಳು. ನಾನು ಉಂಡು ಅಡ್ಡಾಗಿದ್ದೆ. ಮಂಚ ಹಿಡಿಸದೆ ಆಗಲೇ ಅದನ್ನು ಹಿತ್ತಲಿಗೆ ಹಾಕಿ ಚಾಪೆಗೆ ಇಳಿದಿದ್ದೆ.

“ಅಕ್ಕ, ಇದೇನು ಕಾಲು ಬಾಗಿಲಿಂದ ಹೊರಗಿಟ್ಕೊಂಡು ಮಲಗಿದ್ದೀರ?”

“ಗಾಳಿ ಬರ್ಲಿ ಅಂತ.”

ಅವಳೇನು ದಡ್ಡಿಯಲ್ಲ. ಹೋಗಿ ಹೊಲಿಗೆ ಮಷೀನಿನ ಡಬ್ಬದಿಂದ ಟೇಪು ತಂದಳು. ಗೋಡೆಯಿಂದ ಗೋಡೆಗೆ ಹಿಡಿದಳು. ಮತ್ತೆ ಹಿಡಿದಳು. ಆಮೇಲೆ ಬಾಗಿಲಲ್ಲೇ ಕುಸಿದು ಕೂತಳು.

“ಯಾವಾಗಿಂದ ಹಿಂಗೆ?”

“ಐದನೇ ಸಂಚಿಕೆಯಿಂದ.”

“ಹಿಂಗಾಗ್ತದೆ ಅಂತ ಗೊತ್ತಿತ್ತಾ ನಿಮಗೆ?”

ನಾನು ಎದ್ದು ಚಾಪೆ ಸುತ್ತತೊಡಗಿದೆ.

“ಊರಿಗೆಲ್ಲ ಹೇಳೋ ಬಾಯಿ ಮನೇಲಿ ಯಾಕೆ ಮುಚ್ಕೊಂಡ್ರಿ?”

“ನೀವಿಬ್ರೇ ಆರಿಸ್ತೀವಿ ಅಂದೆಯಲ್ಲ.”

“ಅಂದೆ. ಆಮೇಲೆ ತಂದು ನಿಮ್ಮ ಕೈಗೇ ಕೊಟ್ಟೆ. ನೀವು ಏನೂ ಅನ್ಲಿಲ್ಲ. ನಿಮಗೆ ಹಿಡಿಸ್ತು ಅಂದ್ಕೊಂಡೆ. ಹಿಡಿಸ್ದೆ ಇದ್ರೆ ಸುಮ್ನಿರೋ ಪೈಕಿನಾ ಅಕ್ಕ ಅಂತ ಇವ್ರಿಗೂ ಹೇಳ್ದೆ.” ಅವಳ ಕಣ್ಣಲ್ಲಿ ನೀರು ಬಂತು. ಸಿಟ್ಟಿಗೋ ದುಃಖಕ್ಕೋ ತಿಳಿಯಲಿಲ್ಲ. “ಒಂದು ಮಾತು ಅಕ್ಕ. ಒಂದೇ ಮಾತು ಸಾಕಿತ್ತು.”

ನನಗೆ ಆಗ ನಾಚಿಕೆಯಾಯಿತು. ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಆದರೂ ತಪ್ಪಾಯಿತು ಅನ್ನುವ ಮಾತು ಬಾಯಿಗೆ ಬರಲಿಲ್ಲ, ಹಪ್ಪಳದ ಬಟ್ಟೆ ಎಲ್ಲಿದೆ ಎಂದು ಹೇಳಿದೆ.

ಸಂಜೆ ಚನ್ನವೀರ ಬಂದು ಕೇಳಿ ತಲೆಯ ಮೇಲೆ ಕೈ ಹೊತ್ತ. “ಓದೋದು ನಿಲ್ಸಿಬಿಡು ಅಕ್ಕ,” ಎಂದ. ಹಾಗೆ ನಡುವೆ ನಿಲ್ಲಿಸಿದ ಈಶ್ವರಪ್ಪನ ಮನೆ ಅವನಿಗೂ ಗೊತ್ತು. ಹನ್ನೊಂದು ಮೆಟ್ಟಿಲು ಹತ್ತಿದರೆ ಮುಂದೆ ಆಕಾಶ. ಪಾಪ, ಮೆಣಸಿನಕಾಯಿ ಒಣಗಿಸುತ್ತಾನೆ ಅಲ್ಲಿ. ನಮ್ಮದು ಅದಕ್ಕಿಂತ ಬಿಗಿಯಾಗಿತ್ತು. ಮೇಸ್ತ್ರಿಯನ್ನು ಕರೆಸಿದೆವು. ಆತ ನನ್ನ ಕೋಣೆಯ ಗೋಡೆಗೆ ಕಿವಿಯಿಟ್ಟು, ಬೆರಳಿನಿಂದ ಬಡಿದು ನೋಡಿದ.

“ಈ ಗೋಡೆ ಈಗ ನಡೀತಾ ಇದೆ ಸ್ವಾಮಿ. ಮೇಲಿನ ತೊಲೆ ಹೊತ್ಕೊಂಡು ನಡೀತಾ ಇದೆ. ದಾರೀಲಿ ನಿಲ್ಸಿದ್ರೆ ತೊಲೆ ಇಳೀತದೆ, ಸೂರು ಬೀಳ್ತದೆ. ಎಲ್ಲಿಗೆ ಹೊರಟಿದೆಯೋ ಅಲ್ಲಿಗೆ ಹೋಗಿ ಮುಟ್ಲಿ,” ಎಂದ.

ಅದು ಎಲ್ಲಿಗೆ ಹೊರಟಿದೆ ಎಂದು ಯಾರೂ ಕೇಳಲಿಲ್ಲ. ಹನ್ನೆರಡನೆಯ ಸಂಚಿಕೆಯ ಹೊತ್ತಿಗೆ ಅದು ಎದುರು ಗೋಡೆಯನ್ನು ಮುಟ್ಟುತ್ತದೆ. ದನಿ ಬದಲಾಯಿಸುವ ಹಾಗಿಲ್ಲ. ಅಂದರೆ ಇನ್ನೂ ಐದು ತಿಂಗಳು ನನ್ನ ಕೋಣೆಯನ್ನು ನನ್ನ ಬಾಯಿಂದಲೇ ನಾನು ಮುಚ್ಚಬೇಕು. ಮಾಡಿದ್ದುಣ್ಣೋ ಮಹಾರಾಯ ಅಂದುಕೊಂಡು ಕನ್ನಡಕ ಹಾಕಿಕೊಂಡೆ.

ನಡುಮನೆಯಲ್ಲಿ ಮಲಗಿ ಅಂದರು. ಮಲಗಿದೆ. ಆ ನೆಲಕ್ಕೆ ಚಾಪೆ ಕಂಡರೆ ಆಗುತ್ತಿರಲಿಲ್ಲ. ಬೆಳಗ್ಗೆ ಏಳುವಷ್ಟರಲ್ಲಿ ಚಾಪೆಯ ಸಮೇತ ಜಾರಿ ತಲೆಬಾಗಿಲ ಹತ್ತಿರ ಇರುತ್ತಿದ್ದೆ. ಮೊದಲ ದಿನ ಮೂವರೂ ನಕ್ಕೆವು. ನಾಲ್ಕನೆಯ ದಿನ ಯಾರೂ ನಗಲಿಲ್ಲ. ಚನ್ನವೀರ ಚಾಪೆಯ ನಾಲ್ಕು ಮೂಲೆಗೂ ಗುಂಡುಕಲ್ಲು ಇಟ್ಟ. ಕಲ್ಲೂ ಜಾರಿದವು.

ಕೆಳಗಿನ ಕೇರಿಯ ನಂಜವ್ವ ತನ್ನ ಮನೆಗೆ ಬಾ ಅನ್ನುತ್ತಲೇ ಇದ್ದಳು. ಅವಳಿಗೆ ಕಣ್ಣು ಮಂಜು, ದಿನವೂ ಓದುವವರು ಬೇಕು, ಒಂದು ಕೋಣೆ ಖಾಲಿ ಇತ್ತು. ಹಿಂದೆ ಕಣ್ಣು ಚೆನ್ನಾಗಿದ್ದಾಗ ನಂಜವ್ವ ಒಂದು ಎಡವಟ್ಟು ಮಾಡಿಕೊಂಡಿದ್ದಳು. ಪತ್ರಿಕೆಯ ಕೊನೆಯ ಪುಟದಲ್ಲಿ ಓದುಗರ ಪತ್ರ ಇರುತ್ತವಲ್ಲ, ಅದನ್ನೂ ಗಟ್ಟಿಯಾಗಿ ಓದಿಬಿಟ್ಟಳು. ಅದರಲ್ಲಿ ಯಾರೋ ತಮ್ಮ ಮನೆಗೆ ಗೆದ್ದಲು ಹತ್ತಿದೆ ಎಂದು ಗೋಳು ತೋಡಿಕೊಂಡಿದ್ದರು. ಎಂಟೇ ದಿನಕ್ಕೆ ನಂಜವ್ವನ ಮನೆಯ ತೊಲೆಗೆ ಗೆದ್ದಲು ಹತ್ತಿತು. ಆವತ್ತಿನಿಂದ ಊರಿನಲ್ಲಿ ಯಾರೂ ಪತ್ರಗಳ ಪುಟ ಓದುವುದಿಲ್ಲ. ಸಂಚಿಕೆ ಮುಗಿದ ತಕ್ಷಣ ಆ ಹಾಳೆಯನ್ನು ಹರಿದು ತೆಗೆಯುತ್ತೇವೆ. ನಮ್ಮ ಮನೆಯಲ್ಲಿ ಅದು ಮಂಗಳನಿಗೆ ಹೋಗುತ್ತಿತ್ತು, ಡಬ್ಬಗಳ ಕೆಳಗೆ ಹಾಸುವುದಕ್ಕೆ.

ಹನ್ನೆರಡನೆಯ ಸಂಚಿಕೆ ಮುಗಿಸಿ ಬರುತ್ತೇನೆ ಎಂದು ನಂಜವ್ವನಿಗೆ ಮಾತು ಕೊಟ್ಟೆ. ಮನೆಯಲ್ಲಿ ಹೇಳಿದಾಗ ಚನ್ನವೀರ ಎದ್ದು ಹಿತ್ತಲಿಗೆ ಹೋದ. ಅಕ್ಕಿ ಆರಿಸುತ್ತಿದ್ದ ಮಂಗಳ ಆರಿಸುತ್ತಲೇ ಇದ್ದಳು. ಬೇಡ ಹೋಗಬೇಡಿ ಅಂತ ಒಂದು ಬಾಯುಪಚಾರದ ಮಾತಾದರೂ ಬರುತ್ತದೆ ಎಂದು ಕಾದೆ. ಬರಲಿಲ್ಲ. ನನ್ನ ಮೌನಕ್ಕೆ ಅವಳ ಮೌನ ಸರಿಹೋಯಿತು ಅಂದುಕೊಂಡೆ.

ಅದಾದ ಎರಡು ದಿನಕ್ಕೆ ಅವಳು ಟೇಪು ಹಿಡಿದು ನನ್ನ ಟ್ರಂಕಿನ ಮುಂದೆ ಕೂತಿದ್ದಳು.

“ಏನು ಮಾಡ್ತಾ ಇದ್ದೀಯ?”

“ಸುಮ್ನೆ. ಎಷ್ಟು ಉದ್ದ ಇದೆ ಅಂತ.”

ಹಿತ್ತಲಿಗೆ ಹೋಗಿ ಬಿಸಿಲಲ್ಲಿ ನಿಂತಿದ್ದ ಮಂಚವನ್ನೂ ಅಳೆದಳು. ಗಾಡಿಗೆ ಹೇಳಬೇಕಲ್ಲ, ಸಾಮಾನು ಹಿಡಿಸುತ್ತದೋ ಇಲ್ಲವೋ ನೋಡುತ್ತಿದ್ದಾಳೆ ಅಂದುಕೊಂಡೆ. ಇಷ್ಟು ಅವಸರವಾ ಇವಳಿಗೆ ಎಂದು ಸಂಕಟವಾಯಿತು. ಮಾರನೆಯ ದಿನ ಅವಳ ಬೆರಳಿಗೆ ಇಂಕು ಹತ್ತಿತ್ತು, ಕೈಯಲ್ಲಿ ಲಕೋಟೆ ಇತ್ತು. ತವರಿಗೆ ಕಾಗದ ಬರೆಯುತ್ತಿರಬೇಕು, ನಾದಿನಿಯ ಕಾಟ ತೀರಿತು ಅಂತ. ಹೀಗೆಲ್ಲ ಯೋಚನೆ ಮಾಡಿದ್ದಕ್ಕೆ ಈಗ ನನ್ನ ತಲೆಯ ಮೇಲೆ ನಾನೇ ಮೊಟಕಿಕೊಳ್ಳಬೇಕು.

ಎಂಟು, ಒಂಬತ್ತು, ಹತ್ತು, ಹನ್ನೊಂದು. ಓದುತ್ತ ಹೋದೆ. ದನಿ ತಗ್ಗಿಸಲಿಲ್ಲ, ಸಾಲು ಹಾರಿಸಲಿಲ್ಲ. ಕಸುಬಿಗೆ ದ್ರೋಹ ಮಾಡಬಾರದು. ಕೋಣೆ ಕೊನೆಗೆ ಎರಡು ಗೇಣಿಗೆ ಬಂತು. ಒಂದು ಕಡೆ ಪೊರಕೆ, ಒಂದು ಕಡೆ ನನ್ನ ಸೀರೆಯ ಗಂಟು, ಅಷ್ಟಕ್ಕೇ ಜಾಗ. ನಾನು ಹಿತ್ತಲಲ್ಲೇ ಮಂಚದ ಮೇಲೆ ಮಲಗುತ್ತಿದ್ದೆ. ಮಳೆ ಬಂದರೆ ಮಂಗಳ ಬಂದು ತಾಡಪಾಲು ಹೊದಿಸಿ ಹೋಗುತ್ತಿದ್ದಳು, ಮಾತಾಡದೆ.

ಆಶ್ವಯುಜದಲ್ಲಿ ಹನ್ನೆರಡನೆಯ ಸಂಚಿಕೆ ಬಂತು. ಮೂರು ಸಂಜೆ ಓದಿದೆ. ಮೂರನೆಯ ಸಂಜೆ ಟ್ರಂಕು ಕಟ್ಟಿ ಜಗುಲಿಗೆ ತಂದಿಟ್ಟು ಓದಲು ಕೂತೆ. ಬೆಳಗ್ಗೆ ಗಾಡಿ ಬರುವುದಿತ್ತು. ಕೊನೆಯ ಲೇಖನ ಒಂದು ಸ್ನಾನದ ಕೋಣೆಯ ಬಗ್ಗೆ, ಅದರಲ್ಲಿ ಒಂದು ತಂಬಿಗೆಯೂ ಇರಲಿಲ್ಲ. ಮುಗಿಸಿದೆ, ಚಿತ್ರವನ್ನು ನಾಲ್ಕೂ ಗೋಡೆಗೆ ತೋರಿಸಿದೆ, ಪದ್ಧತಿಯಂತೆ ಪತ್ರಗಳ ಹಾಳೆಯನ್ನು ಹರಿಯಲು ಕೈ ಹಾಕಿದೆ.

“ಹರೀಬೇಡಿ,” ಎಂದಳು ಮಂಗಳ. “ಅದನ್ನೂ ಓದಿ.”

“ಹುಚ್ಚಾ ನಿನಗೆ? ಅದನ್ನ ಯಾರಾದ್ರೂ ಓದ್ತಾರಾ?”

“ಓದಿ ಅಕ್ಕ.”

ಚನ್ನವೀರ ಎದ್ದು ನಿಂತ. “ಲೇ, ಗೆದ್ದಲು ಹತ್ತಿದ್ರೆ ಏನೇ ಮಾಡೋದು?”

“ಹತ್ಲಿ. ನೀವು ಕೂತ್ಕೊಳ್ಳಿ,” ಎಂದಳು. ಮದುವೆಯಾಗಿ ಬಂದ ಮೇಲೆ ಆ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವನು ಕೂತ. ಹೇಗೂ ನಾಳೆ ಹೋಗುವವಳು, ಹೋಗುವಾಗ ಮಾತು ಯಾಕೆ ಎಂದು ನಾನೂ ಹಾಳೆ ಬಿಡಿಸಿದೆ.

ಮೊದಲ ಪತ್ರ, ಸಂಚಿಕೆ ಪ್ರತಿ ತಿಂಗಳೂ ತಡವಾಗಿ ಬರುತ್ತದೆ ಎಂದು. ಅದರ ಫಲವನ್ನು ಇವತ್ತಿಗೂ ಅನುಭವಿಸುತ್ತಿದ್ದೇವೆ, ನಮ್ಮ ಬಾಗಿಲ ಗಂಟೆ ಒತ್ತಿದರೆ ಬಂದವರು ಹೊರಟುಹೋದ ಮೇಲೆ ಬಾರಿಸುತ್ತದೆ. ಎರಡನೆಯದು, ಬಚ್ಚಲ ನೀರು ಸರಿಯಾಗಿ ಹೋಗುವುದಿಲ್ಲ ಎಂದು. ಅದೂ ಆಯಿತು ಅನ್ನಿ. ಮೂರನೆಯದು ಹೀಗಿತ್ತು, ಬಾಯಿಪಾಠ ಬರುತ್ತದೆ ನನಗೆ.

“ಸಂಪಾದಕರಿಗೆ ನಮಸ್ಕಾರ. ನಿಮ್ಮ ಪತ್ರಿಕೆಯ ಚಿತ್ರಗಳು ಚೆನ್ನಾಗಿವೆ. ಆದರೆ ಆ ಮನೆಗಳಲ್ಲಿ ಯಾರು ಇರುತ್ತಾರೆ ಎಂದು ನೀವು ಒಂದು ಸಲವೂ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಮೂರು ಜನ ಇದ್ದೇವೆ. ನಾನು, ನನ್ನ ಯಜಮಾನರು, ಯಜಮಾನರ ಅಕ್ಕ ನೀಲಾಂಬಿಕೆ.”

ಅಲ್ಲಿಗೆ ನನ್ನ ದನಿ ನಿಂತಿತು. ಹನ್ನೆರಡು ಸಂಚಿಕೆ ಓದಿದ್ದೆ, ಮನೆಯಲ್ಲಿ ಎಷ್ಟು ಜನ ಅನ್ನುವ ಮಾತು ಎಲ್ಲೂ ಬಂದಿರಲಿಲ್ಲ. ನನ್ನ ಹೆಸರನ್ನು ಅಚ್ಚಿನಲ್ಲಿ ನಾನು ನೋಡಿದ್ದು ಅದೇ ಮೊದಲು. ತಲೆಯೆತ್ತಿ ಮಂಗಳನ ಕಡೆ ನೋಡಿದೆ. ಅವಳು ಸೆರಗಿನ ಅಂಚು ಸರಿಮಾಡುತ್ತಿದ್ದಳು.

“ನಡುವೆ ನಿಲ್ಲಿಸ್ಬಾರ್ದು ಅಂತ ನೀವೇ ಹೇಳ್ತೀರಿ,” ಎಂದಳು.

ಓದಿದೆ. “ಅಕ್ಕನಿಗೆ ಒಂದು ಕೋಣೆ ಬೇಕು. ಮಂಚ ಆರೂಕಾಲು ಅಡಿ, ಟ್ರಂಕು ಎರಡೂವರೆ ಅಡಿ, ಎರಡೂ ಹಿಡಿಸಬೇಕು. ಕಿಟಕಿ ಮೂಡಲಿಗಿರಲಿ, ಅವರು ಬೆಳಗಿನ ಬಿಸಿಲಲ್ಲಿ ಓದುತ್ತಾರೆ. ಚೀಲ ತಗುಲಿಹಾಕಲು ಒಂದು ಮೊಳೆ ಬೇಕು. ಕನ್ನಡಕ ಇಡಲು ತಲೆದೆಸೆಗೆ ಒಂದು ಗೂಡು ಬೇಕು, ಇಲ್ಲದಿದ್ದರೆ ಮನೆಮಂದಿಯನ್ನೆಲ್ಲ ಹುಡುಕಲು ಹಚ್ಚುತ್ತಾರೆ. ಅವರ ಗೊರಕೆ ಜೋರು, ಆದ್ದರಿಂದ ಗೋಡೆ ದಪ್ಪ ಇರಲಿ. ಸಿಟ್ಟು ಬಂದರೆ ಮಾತು ಬಿಟ್ಟು ಒಳಗೆ ಕೂರುತ್ತಾರೆ, ಆದ್ದರಿಂದ ಬಾಗಿಲಿಗೆ ಒಳಗಿನ ಚಿಲಕ ಬೇಡ. ಇಂಥ ಕೋಣೆಯ ಚಿತ್ರ ನಿಮ್ಮಲ್ಲಿ ಇದ್ದರೆ ಹಾಕಿ. ಇಲ್ಲದಿದ್ದರೆ ಈ ಕಾಗದವನ್ನಾದರೂ ಅಚ್ಚು ಹಾಕಿ. ಇತಿ, ಸರ್ವಮಂಗಳ ಚನ್ನವೀರ.”

ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. “ಸ್ಥಳಾಭಾವದಿಂದ ಪತ್ರವನ್ನು ಸಂಕ್ಷೇಪಿಸಲಾಗಿದೆ.” ಅದನ್ನೂ ಓದಿದೆ.

ನಾನು ಅತ್ತೆ. ಮುಚ್ಚುಮರೆ ಏನು, ಊರಿನ ಮನೆಗಳಿಗೆಲ್ಲ ಗಟ್ಟಿಯಾಗಿ ಓದುವವಳು ಗಟ್ಟಿಯಾಗಿಯೇ ಅತ್ತೆ. ಚನ್ನವೀರ ನೀರು ತಂದುಕೊಟ್ಟ. ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ.

“ಅಚ್ಚಿನಲ್ಲಿ ಬಂದ್ರೆ ಮನೆ ಕೇಳ್ತದೆ ಅಂತ ನಿನಗೆ ಹೇಗೆ ಹೊಳೀತೇ?”

“ಡಬ್ಬ ಎತ್ತಿದಾಗೆಲ್ಲ ಆ ಹಾಳೆ ಓದ್ತಿದ್ದೆ, ಮನಸ್ಸಲ್ಲೇ. ಗೆದ್ದಲು ಅಂತ ಬರೆದದ್ದು ಕೇಳೋ ಮನೆ ಕೋಣೆ ಅಂತ ಬರೆದದ್ದು ಕೇಳಲ್ವಾ? ಐದು ಕಾಗದ ಹಾಕ್ದೆ ಅಕ್ಕ. ಒಂದು ಬಂತು. ಬರದೇ ಇದ್ರೆ ಏನು ಗತಿ ಅಂತ ನಿಮಗೆ ಹೇಳ್ಲಿಲ್ಲ.”

“ಏನೋ ಕತ್ತರಿಸಿದ್ದಾರಂತಲ್ಲ. ಏನಿತ್ತು ಅದರಲ್ಲಿ?”

“ನಿಮ್ಮ ಮೇಲೆ ಇನ್ನೂ ಎರಡು ಪುಟ ದೂರಿತ್ತು,” ಎಂದು ಅವಳು ಒಲೆಯ ಕಡೆಗೆ ಹೋದಳು.

ಆಗ ಹೇಳಿದೆ. “ಮಂಗಳ, ತಪ್ಪು ನಂದು. ಆವತ್ತು ಪುಸ್ತಕ ಕೊಟ್ಟಾಗಲೇ ಹೇಳ್ಬೇಕಿತ್ತು.” ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಆಮೇಲೆ, “ಸಾರಿಗೆ ಉಪ್ಪು ನೋಡಿ ಬನ್ನಿ,” ಎಂದಳು.

ಬೆಳಗ್ಗೆ ಬಂದ ಗಾಡಿಯನ್ನು ವಾಪಸು ಕಳಿಸಿದೆವು. ನಂಜವ್ವನ ಮನೆಗೆ ದಿನವೂ ಹೋಗಿ ಓದಿ ಬರುತ್ತೇನೆ ಎಂದು ಒಪ್ಪಿಸಿದೆ. ಗೆದ್ದಲಿನ ಪುಟ ಇಂಥ ಉಪಕಾರವನ್ನೂ ಮಾಡುತ್ತದೆಯೇ ಎಂದು ಅವಳು ಬಹಳ ಹೊತ್ತು ನಗುತ್ತಿದ್ದಳು.

ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಎರಡು ಗೇಣು ಉಳಿದಿದ್ದ ಕಡೆ ಗೋಡೆಯಲ್ಲಿ ಒಂದು ಮೊಳೆ ಮೂಡಿತ್ತು. ಅಷ್ಟೇ, ಒಂದು ಮೊಳೆ. ಚೀಲ ತಗುಲಿಹಾಕಿದೆ, ನಿಂತಿತು. ಆಮೇಲೆ ಗೋಡೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯತೊಡಗಿತು. ಮಂಗಳ ದಿನವೂ ಟೇಪು ಹಿಡಿಯುತ್ತಿದ್ದಳು. ಮಂಚ ಒಳಗೆ ಹೋದ ದಿನ ಚನ್ನವೀರ ಕಚೇರಿಗೆ ರಜೆ ಹಾಕಿದ. ಟ್ರಂಕು ಹೋದ ದಿನ ಪಾಯಸ ಮಾಡಿದೆವು. ಮೂಡಲ ಕಿಟಕಿ ಒಂದು ಬೆಳಗ್ಗೆ ಸುಮ್ಮನೆ ತೆರೆದುಕೊಂಡಿತ್ತು.

ಕಾರ್ತಿಕಕ್ಕೆ ಹೊಸ ಪತ್ರಿಕೆ ಆರಿಸಲು ಮೂವರೂ ಕೂತೆವು. ‘ತೊಲೆ-ಕಂಬ’ವೇ ಬರಲಿ ಎಂದು ಮೊದಲು ಹೇಳಿದವಳು ಮಂಗಳ. ನಡುಮನೆಯ ಬೆಳಕು ಹೋಗದ ಹಾಗೆ ನೋಡಿಕೊಳ್ಳಿ ಎಂದು ಅದರ ಸಂಪಾದಕರಿಗೆ ಈಗಾಗಲೇ ಕಾಗದ ಹಾಕಿದ್ದಾಳೆ. ನನ್ನನ್ನು ಕೇಳಲು ಬರುವವರಿಗೆ ಈಗ ನಾನು ಚಪ್ಪಲಿ, ಒಗ್ಗರಣೆ ಕಲೆ ಎಲ್ಲ ಆಮೇಲೆ ಹೇಳುತ್ತೇನೆ. ಮೊದಲು ಕೊನೆಯ ಪುಟ ತೆಗೆಯಿರಿ ಅನ್ನುತ್ತೇನೆ. ಓದುವವರ ಕಾಗದವನ್ನು ಅಚ್ಚು ಹಾಕುತ್ತಾರೋ ಇಲ್ಲವೋ ನೋಡಿ, ಮನಸ್ಸಲ್ಲೇ ಓದಿ, ಆಮೇಲೆ ಬೇಕಾದದ್ದನ್ನು ಮಾತ್ರ ಗಟ್ಟಿಯಾಗಿ ಓದಿಸಿ.

ಕೋಣೆಯಲ್ಲಿ ಒಂದು ತೊಂದರೆ ಉಳಿದಿದೆ. ಗೊರಕೆಯ ವಿಷಯವನ್ನು ಮನೆ ಅಗತ್ಯಕ್ಕಿಂತ ಹೆಚ್ಚಾಗಿಯೇ ಮನಸ್ಸಿಗೆ ತಂದುಕೊಂಡಿತು, ಗೋಡೆ ಎರಡು ಗೇಣು ದಪ್ಪ ಬಂದಿದೆ. ಬೆಳಗ್ಗೆ ಅಡುಗೆಮನೆಯಿಂದ ಕಾಫಿಗೆ ಕರೆದರೆ ಒಂದಕ್ಷರವೂ ಕೇಳಿಸುವುದಿಲ್ಲ. ಹಾಗಾಗಿ ದಿನವೂ ಮಂಗಳ ಚಿಲಕವಿಲ್ಲದ ಬಾಗಿಲು ತಳ್ಳಿಕೊಂಡು ಒಳಗೇ ಬರುತ್ತಾಳೆ, ಮಂಚದ ಅಂಚಿಗೆ ಕೂತು ನನ್ನ ಭುಜ ಅಲ್ಲಾಡಿಸುತ್ತಾಳೆ. ನನಗೆ ಐದಕ್ಕೇ ಎಚ್ಚರವಾಗುತ್ತದೆ, ಆದರೂ ಅವಳು ಬರುವವರೆಗೆ ಕಣ್ಣು ಮುಚ್ಚಿಕೊಂಡು ಮಲಗಿರುತ್ತೇನೆ.